ಫುಟ್‌ಪಾತಿನ ಮೇಲೆ ಅಳಿಯ

ಬೆಂಗಳೂರಿನಲ್ಲಿದ್ದ ಕಾಲಕ್ಕೆ ನಾನು ಫುಟ್‌ಪಾತ್ ಕಾಯುವ ಭೂತವಾಗಿದ್ದೆ. ಸಂಜೆಯ ಟ್ರಾಫಿಕ್ಕಿನಲ್ಲಿ ಯಾವನಾದರೂ ಸ್ಕೂಟರನ್ನು ಫುಟ್‌ಪಾತಿಗೆ ಹತ್ತಿಸಿದನೋ, ನಾನು ಎದುರಿಗೆ ಕೈ ಅಗಲಿಸಿಕೊಂಡು ನಿಂತುಬಿಡುತ್ತಿದ್ದೆ. "ಏನ್ರೀ, ಇದು ರಸ್ತೆ ಥರ ಕಾಣ್ಸುತ್ತಾ ನಿಮ್ಗೆ?" ಎಂದು ಶುರು ಮಾಡಿದರೆ ಅವನ ಓದು, ಅವನನ್ನು ಹೆತ್ತವರು, ಅವನಿಗೆ ಲೈಸೆನ್ಸ್ ಕೊಟ್ಟ ಪುಣ್ಯಾತ್ಮರು, ಎಲ್ಲರಿಗೂ ಮಂಗಳಾರತಿ ಎತ್ತಿದ ಮೇಲೇ ದಾರಿ ಬಿಡುತ್ತಿದ್ದದ್ದು. ಬಹಳಷ್ಟು ಜನ ನಾನೊಂದು ಲೈಟು ಕಂಬ ಎನ್ನುವ ಹಾಗೆ ನನ್ನನ್ನು ಬಳಸಿಕೊಂಡು ಹೋಗುತ್ತಿದ್ದರು. ಒಬ್ಬ ಮಾತ್ರ ಗಾಡಿ ಆಫ್ ಮಾಡಿ, ಹೆಲ್ಮೆಟ್ ತೆಗೆದು, ನನ್ನ ಭಾಷಣವನ್ನು ಪೂರ್ತಿ ಕೇಳಿ, "ಆಯ್ತಾ ಸಾರ್? ಹೋಗ್ಲಾ?" ಎಂದು ಅನುಮತಿ ಪಡೆದು ಅದೇ ಫುಟ್‌ಪಾತಿನ ಮೇಲೆ ಮುಂದೆ ಹೋದ. ಅವತ್ತೂ ನನಗೆ ಗೆದ್ದೆ ಅಂತಲೇ ಅನ್ನಿಸಿತ್ತು. ಪೇಪರಿಗೆ ಓದುಗರ ಪತ್ರಗಳನ್ನೂ ಬರೆಯುತ್ತಿದ್ದೆ. ಅಚ್ಚಾದ ಮೂರನ್ನು ಕತ್ತರಿಸಿ, ಪಾಸ್‌ಪೋರ್ಟಿನ ಜೊತೆ ಒಂದೇ ಫೈಲಿನಲ್ಲಿಟ್ಟು ಅಮೆರಿಕಕ್ಕೂ ತಂದಿದ್ದೇನೆ.

ಇಂಥ ನಾನು 2021ರಲ್ಲಿ, ಲಾಸ್ ಏಂಜಲೀಸಿನ ಪಕ್ಕದ ಟೊರೆನ್ಸಿನಲ್ಲಿ ನಮ್ಮ ಆಫೀಸು ಕೋವಿಡ್ ಆದಮೇಲೆ ಮತ್ತೆ ಬಾಗಿಲು ತೆರೆದಾಗ, ಒಂದು ಎಲೆಕ್ಟ್ರಿಕ್ ಸ್ಕೂಟರ್ ಕೊಂಡೆ. ಕೂರುವ ಸ್ಕೂಟರಲ್ಲ, ಹಲಗೆಯ ಮೇಲೆ ನಿಂತು ಹ್ಯಾಂಡಲ್ ಹಿಡಿದು ಹೋಗುವಂಥದ್ದು. ಮನೆಯಿಂದ ಆಫೀಸಿಗೆ ಎರಡು ಮೈಲಿ. ಒಂದೂವರೆ ವರ್ಷ ಮನೆಯಲ್ಲಿ ಕೂತು ಹೊಟ್ಟೆ ಬಂದಿತ್ತು. ಸ್ಕೂಟರ್ ಮೇಲೆ ನಿಂತರೆ ಹೊಟ್ಟೆ ಹೇಗೆ ಕರಗುತ್ತದೆ ಎಂದು ಹೆಂಡತಿ ಕೇಳಿದಳು. ನಿಲ್ಲುವುದೂ ವ್ಯಾಯಾಮವೇ ಎಂದೆ. "ಹೆಲ್ಮೆಟ್ ಹಾಕ್ಕೊಳ್ಳದೆ ಗೇಟ್ ದಾಟಿದ್ರೆ ನೋಡಿ ಮತ್ತೆ" ಎಂದಷ್ಟೇ ಹೇಳಿ ಆಕೆ ಒಳಗೆ ಹೋದಳು.

ಮೊದಲ ದಿನ ರಸ್ತೆಗೇ ಇಳಿದೆ. ದೇವರಾಣೆಗೂ ಇಳಿದೆ. ನಮ್ಮ ದೊಡ್ಡ ರಸ್ತೆಯಲ್ಲಿ ಕಾರುಗಳು ಬರುವ ವೇಗಕ್ಕೆ ನನ್ನ ಪ್ಯಾಂಟು ಪಟಪಟ ಹೊಡೆದುಕೊಂಡಿತು. ಒಂದು ಪಿಕಪ್ ಟ್ರಕ್ಕು ಪಕ್ಕದಲ್ಲಿ ಹಾದುಹೋದಾಗ ನಾನು ಮನೆದೇವರ ಹೆಸರನ್ನು ಗಟ್ಟಿಯಾಗಿಯೇ ಕೂಗಿದೆ. ಪಕ್ಕದಲ್ಲಿ ನೋಡಿದರೆ ಅಗಲವಾದ, ನುಣ್ಣಗಿನ, ನರಪಿಳ್ಳೆಯೂ ಇಲ್ಲದ ಫುಟ್‌ಪಾತು. ಹತ್ತಿಸಿಬಿಟ್ಟೆ. ಬೆಂಗಳೂರಿನ ಆ ಸ್ಕೂಟರ್‌ನವರೆಲ್ಲ ಹೇಳುತ್ತಿದ್ದ ಸಮಜಾಯಿಷಿಯನ್ನು ನಾನೂ ನನಗೆ ಹೇಳಿಕೊಂಡೆ: ಸ್ವಲ್ಪ ದೂರ ತಾನೆ, ಯಾರಿದ್ದಾರೆ ಇಲ್ಲಿ.

ಇದು ತಪ್ಪು ಎಂದು ನನಗೆ ಗೊತ್ತಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು, ಆದರೆ ಮಗಳು ಆ ದಾರಿಯನ್ನೂ ಮುಚ್ಚಿದಳು. ಅವಳು ಡ್ರೈವಿಂಗ್ ಪರ್ಮಿಟ್ಟಿನ ಪರೀಕ್ಷೆಗೆ ಓದುತ್ತಿದ್ದ ಕಾಲ ಅದು. ಊಟದ ಹೊತ್ತಿಗೆ ನಿಯಮಗಳನ್ನು ಕಂಠಪಾಠ ಒಪ್ಪಿಸುತ್ತಿದ್ದಳು. ಒಂದು ದಿನ ಹುಳಿಯನ್ನ ಬಾಯಲ್ಲಿಟ್ಟುಕೊಂಡೇ ಫೋನು ತಿರುಗಿಸಿ ನನಗೆ ತೋರಿಸಿದಳು: ಮೋಟಾರು ಇರುವ ಸ್ಕೂಟರನ್ನು ಫುಟ್‌ಪಾತಿನ ಮೇಲೆ ಓಡಿಸುವ ಹಾಗಿಲ್ಲ, ಪಕ್ಕದ ಮನೆಗೋ ಅಂಗಡಿಗೋ ಹೋಗಿಬರಲು ದಾಟುವಷ್ಟು ಮಾತ್ರ ಬಿಟ್ಟು.

"ಅಪ್ಪಾ, ದಟ್ಸ್ ಯೂ," ಎಂದಳು.

ನಾನು ವಾದಕ್ಕಿಳಿದೆ. ಅದು ಬಾಡಿಗೆ ಸ್ಕೂಟರುಗಳಿಗೆ ಇರಬೇಕು ಎಂದೆ. ಅಲ್ಲವಂತೆ. ಹಾಗಾದರೆ ಸೈಕಲ್? ಸೈಕಲ್ಲಿನ ನಿಯಮ ಊರಿಗೊಂದು ಥರ, ಲಾಸ್ ಏಂಜಲೀಸಿನಲ್ಲಿ ಜನರ ಮೈಮೇಲೆ ಹೋಗದೆ ಮರ್ಯಾದೆಯಾಗಿ ಓಡಿಸಿದರೆ ಫುಟ್‌ಪಾತಿನ ಮೇಲೂ ನಡೆಯುತ್ತದೆ, ಸ್ಯಾನ್ ಡಿಯಾಗೋದಲ್ಲಿ ಅಂಗಡಿಗಳ ಮುಂದೆ ನಡೆಯುವುದಿಲ್ಲ ಎಂದು ಅವಳೇ ಹುಡುಕಿ ಓದಿದಳು. "ನೋಡಿದ್ಯಾ! ನನ್ನ ಗಾಡಿ ಮುಕ್ಕಾಲು ಪಾಲು ಸೈಕಲ್ಲೇ. ಪೆಡಲ್ ಒಂದಿಲ್ಲ ಅಷ್ಟೆ" ಎಂದು ಕೈ ತೊಳೆಯಲು ಎದ್ದೆ. ಮಗಳು ಅಮ್ಮನ ಕಡೆ ನೋಡಿದಳು. ಅಮ್ಮ ಸೂರು ನೋಡಿದಳು.

ಮರುವರ್ಷ ನಮ್ಮತ್ತೆ ಬಂದರು. ಅಂದರೆ ನನ್ನ ಹೆಂಡತಿಯ ತಾಯಿ, ಟೆಲಿಫೋನ್ ಇಲಾಖೆಯಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಬಿರುಸಿನ ನಡಿಗೆಯ ಹೆಂಗಸು, ಸರ್ವಿಸಿನ ಅಷ್ಟೂ ವರ್ಷ ಆಫೀಸಿಗೆ ನಡೆದೇ ಹೋದವರು. ಬರುವುದಕ್ಕೆ ಎರಡು ವರ್ಷ ಮುಂಚೆ, ಬನಶಂಕರಿಯಲ್ಲಿ, ಫುಟ್‌ಪಾತಿನ ಮೇಲೇ ಬೈಕೊಂದು ಗುದ್ದಿ ಮುಂಗೈ ಮುರಿದಿತ್ತು. ಅದು ಕೂಡಿಕೊಳ್ಳುವಷ್ಟರಲ್ಲಿ ಎರಡೂ ಮಂಡಿಯ ಆಪರೇಷನ್ ಆಯಿತು. ಡಾಕ್ಟರು ದಿನಾ ನಡೆಯಬೇಕು ಎಂದರೆ ಇವರಿಗೆ ರಸ್ತೆಗೆ ಕಾಲಿಡುವುದಕ್ಕೇ ಪ್ರಾಣಭಯ. ತಾರಸಿಯ ಮೇಲೆ ಎರಡು ಸುತ್ತು, ಅಷ್ಟೆ. ಹತ್ತು ಹೆಜ್ಜೆ ಆಚೆಯ ತರಕಾರಿ ಅಂಗಡಿಗೂ ಯಾರಾದರೂ ಕೈ ಹಿಡಿದುಕೊಂಡು ಹೋಗಬೇಕಾಗಿತ್ತು.

ಬಂದ ಎರಡನೇ ದಿನವೇ ನನ್ನ ಹತ್ತಿರ ಹೇಳಿದರು: "ನೋಡಿ, ನಂಗೆ ನಿಮ್ಮ ಡಿಸ್ನಿಲ್ಯಾಂಡು ಗಿಸ್ನಿಲ್ಯಾಂಡು ಏನೂ ಬೇಡ. ವಾಪಸ್ ಹೋಗೋಷ್ಟರಲ್ಲಿ ನಾನು ಒಬ್ಬಳೇ, ಹೆದರ್ಕೊಳ್ಳದೆ, ರಸ್ತೇಲಿ ನಡೆಯೋ ಹಾಗಾಗ್ಬೇಕು. ಇಲ್ಲಿ ಅಭ್ಯಾಸ ಆದ್ರೆ ಅಲ್ಲೂ ಧೈರ್ಯ ಬರುತ್ತೆ. ಇಲ್ಲಾಂದ್ರೆ ಮಿಕ್ಕಿದ್ದೆಲ್ಲ ಆ ತಾರಸಿ ಮೇಲೇ ಮುಗೀತು ಅನ್ಕೊಳ್ಳಿ."

ನಾನು ಎದೆಯುಬ್ಬಿಸಿ ಹೇಳಿದೆ: "ಅತ್ತೆ, ಇಲ್ಲಿ ಫುಟ್‌ಪಾತ್ ಮೇಲೆ ಗಾಡಿ ಬರೋ ಹಾಗೇ ಇಲ್ಲ. ಕಾನೂನು! ನೀವು ಕಣ್ಮುಚ್ಚಿಕೊಂಡು ನಡೀಬಹುದು."

ಈ ಮಾತು ಹೇಳುವಾಗ ನನ್ನ ಗಾಡಿ ಗ್ಯಾರೇಜಿನಲ್ಲಿ ಚಾರ್ಜ್ ಆಗುತ್ತಿತ್ತು. ನಾನು ಎಂಟೂವರೆಗೆ ಹೋಗುವವನು, ಅವರು ಪೂಜೆ, ತಿಂಡಿ ಮುಗಿಸಿ ಹತ್ತಕ್ಕೆ ಹೊರಡುವವರು. ನಾನು ಹೊರಟ ಮೇಲೆ ಟೊರೆನ್ಸಿನ ಫುಟ್‌ಪಾತುಗಳು ನಿಜವಾಗಿಯೂ ಕಾನೂನಿನ ಪ್ರಕಾರವೇ ಇರುತ್ತಿದ್ದವು.

ಮೊದಲ ವಾರ ನನ್ನ ಹೆಂಡತಿಯ ಕೈ ಹಿಡಿದು ಮೂಲೆಯ ಮನೆಯವರೆಗೆ. ಎರಡನೇ ವಾರ ಕೈ ಬಿಟ್ಟು. ಮೂರನೇ ವಾರ ಸೀರೆಯ ಮೇಲೆ ಸ್ವೆಟರು, ಕಾಲಿಗೆ ಮೊಮ್ಮಗಳ ಹಳೆಯ ಬಿಳಿ ಶೂ, ಒಬ್ಬರೇ ಪಾರ್ಕಿನವರೆಗೆ ಹೋಗಿ ಬಂದರು. ಅವತ್ತು ಬಾಗಿಲಲ್ಲೇ ನಿಂತು, ಬೆವರು ಒರೆಸಿಕೊಳ್ಳುತ್ತ, "ಒಬ್ಬಳೇ ಹೋದೆ ಕಣೇ! ಎರಡು ರಸ್ತೆ ದಾಟ್ದೆ!" ಎಂದು ನನ್ನ ಹೆಂಡತಿಗೆ ಹೇಳಿದ್ದನ್ನು, ಆಗ ಅವಳ ಜೊತೆ ಫೋನಿನಲ್ಲಿದ್ದ ನಾನೂ ಆಫೀಸಿನಿಂದಲೇ ಕೇಳಿಸಿಕೊಂಡೆ. ನನಗೂ ಕಣ್ಣು ಒದ್ದೆಯಾಯಿತು. ಇದಕ್ಕೆಲ್ಲ ನಾನೇ ಕಾರಣ ಅನ್ನಿಸಿದ್ದೂ ನಿಜ.

ಆ ಸಂತೋಷಕ್ಕೆ ಶನಿವಾರ ಎಲ್ಲರೂ ಸ್ಯಾನ್ ಡಿಯಾಗೋಕ್ಕೆ ಹೋದೆವು. ಅಲ್ಲಿ ಸಮುದ್ರದ ಪಕ್ಕ ಉದ್ದಕ್ಕೂ ಸಿಮೆಂಟಿನ ಹಾದಿ. ನಡೆಯುವವರು, ಸೈಕಲ್ಲಿನವರು, ಚಕ್ರದ ಬೂಟಿನವರು ಎಲ್ಲರಿಗೂ ಅದೊಂದೇ. ಗಂಟೆಗೆ ಎಂಟು ಮೈಲಿ ಮೀರಬಾರದು ಎಂಬ ಬೋರ್ಡು. ಅತ್ತೆ ಬಲಗಡೆಯ ಅಂಚಿನಲ್ಲಿ ಗಂಭೀರವಾಗಿ ನಡೆಯುತ್ತಿದ್ದರು. ಹಿಂದಿನಿಂದ ಸೈಕಲ್ ಬೆಲ್ ಆಯಿತು. ಇಲ್ಲಿ ಹಿಂದಿನವರು ಎಡಗಡೆಯಿಂದ ದಾಟಿಹೋಗುವುದು ಪದ್ಧತಿ, ನಡೆಯುವವರು ಬಲಕ್ಕೆ ಸರಿಯಬೇಕು. ಆದರೆ ಹುಟ್ಟಿದಾಗಿನಿಂದ ಎಡಕ್ಕೇ ಸರಿದ ಜೀವ, ಬೆಲ್ ಕೇಳಿದ್ದೇ ತಡ ಎಡಕ್ಕೆ ಹಾರಿದರು. ಸರಿಯಾಗಿ ಸೈಕಲ್ಲಿನ ಮುಂದಕ್ಕೆ! ದಪ್ಪ ಚಕ್ರದ ಎಲೆಕ್ಟ್ರಿಕ್ ಸೈಕಲ್ಲು, ಮೇಲೆ ಬಿಳಿ ಗಡ್ಡದ ಮುದುಕ. ಬ್ರೇಕು ಕಿರ್ರೆಂದಿತು. ಒಂದು ಗೇಣು ದೂರದಲ್ಲಿ ನಿಂತ.

ಆತ ಇಳಿದು, ಸ್ಟ್ಯಾಂಡ್ ಹಾಕಿ, ಅತ್ತೆಯ ಹತ್ತಿರ ಬಂದು ಎರಡು ಸಲ ಸಾರಿ ಕೇಳಿದ. ಏಟಾಯಿತಾ, ನೀರು ಬೇಕಾ ಎಂದ. ಅಷ್ಟಾದ ಮೇಲೆ ನಾನು ಅಲ್ಲಿಗೆ ತಲುಪಿದೆ. ಬಿಡುತ್ತೇನೆಯೇ? ಎಷ್ಟು ವರ್ಷದ ಹಸಿವು! ಬೋರ್ಡಿನ ಕಡೆ ಬೆರಳು ತೋರಿಸಿ, ಎಂಟು ಮೈಲಿ ಎಂದರೆ ಎಷ್ಟು, ಹಂಚಿಕೊಳ್ಳುವ ಹಾದಿಯಲ್ಲಿ ಮೊದಲ ಹಕ್ಕು ಯಾರದು, ಹಿರಿಯರನ್ನು ಕಂಡರೆ ಇಳಿದು ತಳ್ಳಿಕೊಂಡು ಹೋಗಬಾರದೇಕೆ, ಎಲ್ಲವನ್ನೂ ಐದು ನಿಮಿಷ ಬಿಡಿಸಿ ಹೇಳಿದೆ. ಮಗಳು ಮರಳಿನ ಕಡೆ ನಡೆದುಬಿಟ್ಟಳು. ಮುದುಕ ಕೈ ಕಟ್ಟಿಕೊಂಡು ಕೇಳಿದ. ಅತ್ತೆ ಮಾತ್ರ ವಾಪಸ್ ಬರುವಾಗ ಕಾರಿನಲ್ಲಿ, "ಅಳಿಯಂದ್ರು ಅಂದ್ರೆ ಹೀಗಿರ್ಬೇಕು. ಮುಖ ಮೋರೆ ನೋಡ್ದೆ ಕೇಳ್ಬಿಟ್ರು" ಎಂದರು. ನಾನು ಕನ್ನಡಿಯಲ್ಲಿ ನನ್ನ ಮುಖ ನೋಡಿಕೊಂಡೆ. ಚೆನ್ನಾಗಿಯೇ ಕಂಡಿತು.

ಮನೆಗೆ ಬಂದ ಮೇಲೆ ತರಬೇತಿ ಶಿಬಿರವನ್ನೇ ಶುರು ಮಾಡಿದೆ. ಹಾಲಿನ ಕಾರ್ಪೆಟ್ಟೇ ಫುಟ್‌ಪಾತು. ಅತ್ತೆ ಮುಂದೆ ನಡೆಯುವುದು, ನಾನು ಹಿಂದಿನಿಂದ ಸ್ಟೀಲ್ ತಟ್ಟೆಗೆ ಚಮಚದಲ್ಲಿ ಹೊಡೆಯುವುದು, ಅವರು ಬಲಕ್ಕೆ ಸರಿಯುವುದು. ಮೊದಲೆರಡು ಸಲ ಎಡಕ್ಕೆ ಹೋಗಿ ಸೋಫಾಕ್ಕೆ ತಗುಲಿದರು. ಆಮೇಲೆ ಕಲಿತರು. ಹತ್ತಕ್ಕೆ ಹತ್ತು ಸಲ ಬಲಕ್ಕೆ! "ಪಾಸಾದ್ರಿ ಅತ್ತೆ" ಎಂದೆ. ಫುಟ್‌ಪಾತಿನಲ್ಲಿ ಗಾಡಿಯೇ ಬರದಿದ್ದರೆ ಈ ಅಭ್ಯಾಸ ಯಾಕೆ ಎಂದು ಅವರು ಕೇಳಲಿಲ್ಲ. ನಾನೂ ಯೋಚಿಸಲಿಲ್ಲ.

ಮುಂದಿನ ಗುರುವಾರ ಬೆಳಿಗ್ಗೆ ಮನೆಯಿಂದಲೇ ಒಂದು ಮೀಟಿಂಗ್ ಇತ್ತು. ಅದು ಎಳೆದುಕೊಂಡು ಹೋಗಿ, ಹತ್ತೂಕಾಲಿಗೆ ಹೊರಟೆ. ಹನ್ನೊಂದಕ್ಕೆ ಆಫೀಸಿನಲ್ಲಿ ಇನ್ನೊಂದು. ತಲೆಗೆ ಹೆಲ್ಮೆಟ್, ಕಣ್ಣಿಗೆ ಕಪ್ಪು ಕನ್ನಡಕ, ಬಾಯಿಗೆ ಮಾಸ್ಕು, ಮೈಮೇಲೆ ಕಿತ್ತಳೆ ಬಣ್ಣದ ಜಾಕೆಟ್ಟು. ಪಾರ್ಕಿನ ರಸ್ತೆಗೆ ತಿರುಗಿದೆ. ದೂರದಲ್ಲಿ ಫುಟ್‌ಪಾತಿನ ಮೇಲೆ ಬೂದು ಸ್ವೆಟರು, ಅದರ ಕೆಳಗೆ ಮಾವಿನೆಲೆ ಬಣ್ಣದ ಸೀರೆ.

ಆಗ ನಾನು ಮಾಡಬಹುದಾಗಿದ್ದ ಕೆಲಸಗಳು ಎಷ್ಟಿದ್ದವು! ಇಳಿದು ತಳ್ಳಬಹುದಿತ್ತು. ರಸ್ತೆಗೆ ಇಳಿಯಬಹುದಿತ್ತು. "ಅತ್ತೇ" ಎಂದು ಕೂಗಬಹುದಿತ್ತು. ಕೂಗಿದರೆ ಫುಟ್‌ಪಾತಿನ ಮೇಲೆ ಗಾಡಿ ಓಡಿಸುವ ಅಳಿಯ ಸಿಕ್ಕಿಬೀಳುತ್ತಾನಲ್ಲ! ಬೆಲ್ ಮಾಡೋಣ, ಬಲಕ್ಕೆ ಸರಿಯುತ್ತಾರೆ, ಗುರುತು ಸಿಗುವಷ್ಟರಲ್ಲಿ ಎಡಗಡೆಯಿಂದ ಸುಯ್ಯೆಂದು ಹೋಗಿಬಿಡೋಣ ಎಂದು ಲೆಕ್ಕ ಹಾಕಿದೆ. ನಾನೇ ಕೊಟ್ಟ ಟ್ರೈನಿಂಗಿನ ಮೇಲೆ ನನಗೆ ಅಪಾರ ನಂಬಿಕೆ.

ಬೆಲ್ ಮಾಡಿದೆ. ಅತ್ತೆ ಎಡಕ್ಕೆ ಹಾರಿದರು.

ಬ್ರೇಕು ಹಿಡಿದೆನೋ, ಹ್ಯಾಂಡಲ್ ತಿರುಗಿಸಿದೆನೋ ಗೊತ್ತಿಲ್ಲ. ಅವರ ಸೆರಗು ನನ್ನ ಕೈಗೆ ಸವರಿತು. ನಾನು ಯಾರದೋ ಮನೆಯ ಕಸದ ಡಬ್ಬಿಗೆ ಗುದ್ದಿ, ಅದನ್ನೇ ತಬ್ಬಿಕೊಂಡು ನಿಂತೆ. ತಿರುಗಿದರೆ ಅತ್ತೆ ಫುಟ್‌ಪಾತಿನ ಅಂಚಿನ ಹುಲ್ಲಿನ ಮೇಲೆ ಕುಸಿದು ಕೂತಿದ್ದಾರೆ. ನನ್ನನ್ನೇ ನೋಡುತ್ತಿದ್ದಾರೆ. ಗುರುತು ಸಿಕ್ಕಿಲ್ಲ.

"ಕಣ್ಣೇನು ಹಿತ್ತಲಲ್ಲಿ ಬಿಟ್ಟು ಬಂದ್ಯೇನೋ? ಇದು ನಡೆಯೋ ಜಾಗ ಕಣೋ! ಮನುಷ್ಯನಾ ನೀನು? ಹಾಳಾಗಿ ಹೋಗ!" ಎಂದು ಕನ್ನಡದಲ್ಲೇ ಶುರು ಮಾಡಿದರು. ಎಂಥ ಗಂಟಲು!

ಇನ್ನು ಹೇಳುವುದು ಕಷ್ಟ, ಆದರೂ ಹೇಳುತ್ತೇನೆ. ನಾನು ಮಾಸ್ಕ್ ಕೆಳಗೆ ಎಳೆಯಲಿಲ್ಲ. ಬಾಯಿ ಬಿಡಲಿಲ್ಲ. ಒಂದು ಕೈ ಮೇಲೆತ್ತಿ, ಇಲ್ಲಿನವರು ಮಾಡುವ ಹಾಗೆ ಆಡಿಸಿ, ಗಾಡಿ ಹತ್ತಿ ಕಂಬಿ ಕಿತ್ತೆ. ಬೈಯುವಷ್ಟು ಶಕ್ತಿ ಇದೆ ಎಂದ ಮೇಲೆ ಏನೂ ಆಗಿಲ್ಲ, ಕೂತಿದ್ದೂ ಮೆತ್ತಗಿನ ಹುಲ್ಲಿನ ಮೇಲೆ ಎಂದು ದಾರಿಯುದ್ದಕ್ಕೂ ತರ್ಕ ಮಾಡಿದೆ. ಹನ್ನೊಂದರ ಮೀಟಿಂಗಿಗೆ ಹೋಗಿ ಕೂತೆ. ಯಾರೋ ಸುರಕ್ಷತೆಯ ಬಗ್ಗೆಯೇ ಮಾತಾಡುತ್ತಿದ್ದರು.

ಸಂಜೆ ಮನೆಗೆ ಬಂದರೆ ಅತ್ತೆ ಏನೂ ಹೇಳಲಿಲ್ಲ. ಶುಕ್ರವಾರ ನಡೆಯಲು ಹೋಗಲಿಲ್ಲ. "ಮಂಡಿ ಯಾಕೋ ಹಿಡಿದಂಗಿದೆ" ಎಂದರು. ಶನಿವಾರ, ಭಾನುವಾರ ಸೋಫಾದಿಂದ ಫ್ರಿಜ್ಜಿನವರೆಗೆ, ಫ್ರಿಜ್ಜಿನಿಂದ ಸೋಫಾದವರೆಗೆ. ಭಾನುವಾರ ರಾತ್ರಿ ಊಟಕ್ಕೆ ಕೂತಾಗ ಮಗಳು ಒತ್ತಾಯ ಮಾಡಿ ಕೇಳಿದ ಮೇಲೆ ಹೇಳಿದರು. ಗಾಡಿಯವನು ಆರಡಿ ಇದ್ದನಂತೆ, ದಾಂಡಿಗನಂತೆ, ಈ ಊರಿನವನೇ ಅಂತೆ. ನನ್ನ ಎತ್ತರ ಐದಡಿ ಐದಿಂಚು. ಅಂಥ ಹೊತ್ತಿನಲ್ಲೂ ಒಂದು ಕ್ಷಣ ನನಗೆ ಖುಷಿಯಾಯಿತು ಎಂದರೆ ನಾನು ಎಂಥ ಜಾತಿಯ ಪ್ರಾಣಿ ನೋಡಿ.

"ಇಷ್ಟು ಕಾನೂನಿರೋ ಊರಲ್ಲೇ ಹೀಗಾದ್ರೆ, ಬನಶಂಕರೀಲಿ ನಾನೆಲ್ಲಿ ನಡೀಲಿ?" ಎಂದರು ಅತ್ತೆ. "ಸಾಕು ಬಿಡಿ. ನಂಗೆ ತಾರಸಿನೇ ಸರಿ."

ಹೆಂಡತಿ ನನ್ನ ಕಡೆ ತಿರುಗಿದಳು. "ರೀ, ಸುಮ್ನೆ ಕೂತಿದ್ದೀರಲ್ಲ! ಸಿಟಿಯೋರಿಗೆ ಕಂಪ್ಲೇಂಟ್ ಬರೀರಿ. ಬೇರೆ ಯಾವ್ದಕ್ಕಿಲ್ದಿದ್ರೂ ಇದಕ್ಕೆ ನೀವು ಎಕ್ಸ್‌ಪರ್ಟ್ ಅಲ್ವಾ."

ಬರೆದೆ. ಲ್ಯಾಪ್‌ಟಾಪ್ ತೆಗೆದು, ಕಿತ್ತಳೆ ಜಾಕೆಟ್ಟಿನ ಅಪರಿಚಿತ ವ್ಯಕ್ತಿಯೊಬ್ಬನ ಬೇಜವಾಬ್ದಾರಿಯನ್ನು ಖಂಡಿಸಿ ಎರಡು ಪ್ಯಾರಾ ಬರೆದೆ. ಹೃದಯಹೀನ ಎಂಬ ಮಾತನ್ನೂ ಹಾಕಿದೆ. ಓದಿ ಹೇಳಿದಾಗ ಮಗಳು ನನ್ನ ಮುಖವನ್ನೇ ದಿಟ್ಟಿಸಿ ನೋಡಿದಳು, ಆಮೇಲೆ ಗ್ಯಾರೇಜಿನ ಬಾಗಿಲ ಕಡೆ ನೋಡಿದಳು. ತಟ್ಟೆ ಎತ್ತಿಕೊಂಡು ಎದ್ದುಹೋದಳು. ಆ ಪತ್ರವನ್ನು ನಾನು ಕಳಿಸಲಿಲ್ಲ.

ಸೋಮವಾರ ರಜೆ ಹಾಕಿದೆ. ಮನೆಯಲ್ಲಿ ನಾವಿಬ್ಬರೇ. ಅತ್ತೆ ಡೈನಿಂಗ್ ಟೇಬಲ್ಲಿನಲ್ಲಿ ಹುರುಳಿಕಾಯಿಯ ನಾರು ತೆಗೆಯುತ್ತ ಕೂತಿದ್ದರು. ಕಾಫಿ ಮಾಡಿ ತಂದಿಟ್ಟೆ. ರಾತ್ರಿಯೆಲ್ಲ ಯೋಚಿಸಿ ಒಂದು ಉಪಾಯ ಹೂಡಿದ್ದೆ: ಸತ್ಯ ಹೇಳಿದರೆ ಅವರ ಭಯವೇ ಹೋಗುತ್ತದೆ. ಊರಿನಲ್ಲಿ ಎಲ್ಲರೂ ಸರಿಯಿದ್ದಾರೆ, ಕೆಟ್ಟವನು ಒಬ್ಬನೇ, ಅವನೂ ಮನೆಯವನೇ ಎಂದು ಗೊತ್ತಾದರೆ ಮತ್ತೆ ನಡೆಯಲು ಏನು ಅಡ್ಡಿ? ನಕ್ಕೂ ಬಿಡಬಹುದು ಎಂಬ ಆಸೆ.

"ಅತ್ತೆ, ಅವತ್ತು ಬಂದೋನು ಈ ಊರೋನಲ್ಲ."

"ಮತ್ತೆ ಯಾವೂರೋನು?"

"ನಾನೇ."

ಹುರುಳಿಕಾಯಿ ಕೈಯಲ್ಲೇ ಉಳಿಯಿತು. ನಾನು ನಿಲ್ಲಿಸದೆ ಹೇಳುತ್ತ ಹೋದೆ. ರಸ್ತೆಯ ಭಯ, ಮೀಟಿಂಗು, ಬೆಲ್ಲು, ಮಾಸ್ಕು. ಇಡೀ ಟೊರೆನ್ಸಿನಲ್ಲಿ ಈ ತಪ್ಪು ಮಾಡುವವನು ನಾನೊಬ್ಬನೇ, ನಾನು ಗಾಡಿ ಬಿಟ್ಟೆ, ಇನ್ನು ಅಪಾಯ ಸೊನ್ನೆ ಎಂದು ಬಿಡಿಸಿ ಹೇಳಿದೆ. ಅವರು ನಗಲಿಲ್ಲ.

"ನಾನು ಕೂತಿದ್ದು ನೋಡಿದ್ರಾ?" ಎಂದು ಕೇಳಿದರು.

"ನೋಡ್ದೆ."

"ಎದ್ದಿದ್ದು ನೋಡಿದ್ರಾ?"

ಮಂಡಿ ಬದಲಾಯಿಸಿಕೊಂಡವರು ನೆಲಕ್ಕೆ ಕೂತರೆ ತಾವಾಗಿ ಏಳುವುದು ಕಷ್ಟ. ಅದು ನನಗೆ ಗೊತ್ತಿತ್ತು. ಬಾತ್‌ರೂಮಿನಲ್ಲಿ ಹಿಡಿಕೆ ಹಾಕಿಸಿದವನು ನಾನೇ.

"ಏಳಕ್ಕಾಗ್ಲಿಲ್ಲ," ಎಂದರು. "ಎಷ್ಟೊತ್ತು ಅಂತ ಗೊತ್ತಿಲ್ಲ. ಕಾರು ಹೋಗ್ತಿದ್ವು, ನೀರಿನ ಪೈಪ್ ಆನ್ ಆಗಿ ಹುಲ್ಲಿಗೆ ನೀರು ಚಿಮ್ಮಕ್ಕೆ ಶುರುವಾಯ್ತು. ಸೀರೆಯೆಲ್ಲ ನೆಂದ್ಹೋಯ್ತು. ಪೋಸ್ಟ್ ಹಾಕೋ ಹೆಂಗಸು ಬಂದು ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದ್ಲು. ಮನೇಲಿ ಯಾರಿದ್ದಾರೆ, ಫೋನ್ ಮಾಡ್ತೀನಿ ಅಂದ್ಲು. ನಾನು ನಿಮ್ಮ ನಂಬರ್ ಕೊಟ್ಟೆ. ನೀವು ಎತ್ಲಿಲ್ಲ."

ಮೀಟಿಂಗಿನ ಮಧ್ಯೆ ಗೊತ್ತಿಲ್ಲದ ನಂಬರಿನಿಂದ ಎರಡು ಸಲ ಫೋನು ಬಂದಿತ್ತು. ನಾನೇ ಕಟ್ ಮಾಡಿದ್ದೆ.

"ಬೈಯಿರಿ ಅತ್ತೆ," ಎಂದೆ. ನಿಜವಾಗಿಯೂ ಬೇಡಿಕೊಂಡೆ.

"ಅವತ್ತೇ ಬೈದಾಯ್ತಲ್ಲ," ಎಂದು ಅವರು ಮತ್ತೆ ಹುರುಳಿಕಾಯಿ ಎತ್ತಿಕೊಂಡರು. "ಅವಳಿಗೆ ಹೇಳ್ಬೇಡಿ. ಸುಮ್ನೆ ಬೇಜಾರು ಮಾಡ್ಕೋತಾಳೆ."

ನಾನು ಹೆಂಡತಿಗೆ ಆ ಸಂಜೆಯೇ ಹೇಳಿದೆ. ಅವಳು ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ಅದು ನನಗೆ ಸಲ್ಲಬೇಕಾದದ್ದೇ. ಗಾಡಿಯನ್ನು ಮಡಚಿ ಗ್ಯಾರೇಜಿನ ಮೇಲಿನ ಹಲಗೆಗೆ ಹಾಕಿದೆ, ಆಫೀಸಿಗೆ ನಡೆದೇ ಹೋಗತೊಡಗಿದೆ.

ಆ ವಾರದ ಕೊನೆಗೆ ಅತ್ತೆ ಮತ್ತೆ ಶೂ ಕಟ್ಟಿಕೊಂಡರು. ನನಗೆ ಆದ ಸಂತೋಷಕ್ಕೆ ಮಿತಿಯಿಲ್ಲ. "ನಾನೂ ಬರ್ಲಾ?" ಎಂದೆ. "ಬೇಡ, ಒಬ್ಬಳೇ ಹೋಗ್ತೀನಿ" ಎಂದು ಹೊರಟರು. ಮನಸ್ಸು ತಡೆಯದೆ ಐದು ನಿಮಿಷ ಬಿಟ್ಟು ನಾನೂ ಅದೇ ರಸ್ತೆಯಲ್ಲಿ, ಬರಿಗೈಯಲ್ಲಿ, ಕಾಲ್ನಡಿಗೆಯಲ್ಲೇ ಹೋದೆ. ದೂರದಲ್ಲೇ ನಿಧಾನವಾಗಿ ನಡೆಯುತ್ತಿದ್ದರು. ನನ್ನ ಹೆಜ್ಜೆ ಸದ್ದು ಕೇಳಿರಬೇಕು. ನಿಂತು, ಇಡೀ ಮೈ ತಿರುಗಿಸಿ ನೋಡಿದರು. ನಾನೆಂದು ಗೊತ್ತಾಯಿತು. ನಾನು ನಕ್ಕೆ. ಅವರು ಸೀರೆಯ ನಿರಿಗೆ ಎತ್ತಿ ಹಿಡಿದು ಫುಟ್‌ಪಾತಿನಿಂದ ಇಳಿದು, ಒದ್ದೆ ಹುಲ್ಲಿನ ಮೇಲೆ ನಿಂತುಕೊಂಡರು.

"ನೀವು ಮುಂದೆ ಹೋಗಿ," ಎಂದರು.